ಮೊಣಕಾಲಿಗೆ ಮೊಣಕೈ

ಡೆಲ್ ಹಾರ್ಗ್ರೋವ್‌ಗೆ ಆಗ ಮೂವತ್ನಾಲ್ಕು ವರ್ಷ. ಬೇರೆ ಕಸುಬಿನಲ್ಲಾದರೆ ಇನ್ನೂ ಹುಡುಗನೇ. ಬೇಸ್‌ಬಾಲಿನ ಕ್ಯಾಚರ್‌ಗೆ ಅದು ಮುದಿಪ್ರಾಯ. ಹದಿನಾರು ಬೇಸಿಗೆ ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಗುಂಡಿನಂತೆ ಬರುವ ಚೆಂಡುಗಳನ್ನು ಹಿಡಿದು ಹಿಡಿದು ಅವನ ಬೆರಳುಗಳು ಶುಂಠಿ ಕೊಂಬಿನ ಹಾಗಾಗಿದ್ದವು. ವಾಲ್ಟನ್ ಫೆರಿ ತಂಡದ ಹುಡುಗರು ಅವನನ್ನು ತಾತ ಎಂದು ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ ಕರೆದದ್ದು, ಆಮೇಲೆ ಅದೇ ಹೆಸರಾಗಿ ನಿಂತಿತು.

ಅಲಬಾಮಾದ ಆ ಪುಟ್ಟ ಊರಿನ ತಂಡ ಬಫಲೋ ಕ್ಲಬ್ಬಿಗೆ ಸೇರಿದ್ದು. ದೊಡ್ಡ ತಂಡಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಅಲ್ಲಿ ಆಡುವ ಹುಡುಗರಲ್ಲಿ ಕೆಲವರು ಮುಂದೊಂದು ದಿನ ಮೇಲಕ್ಕೆ ಹೋಗುವವರು, ಮಿಕ್ಕವರು ಬೇರೆ ಕ್ಲಬ್ಬಿಗೆ ಬದಲಿಯಾಗಿ ಹೋಗುವವರು. ಪ್ರತಿ ವರ್ಷ ಜುಲೈ ಕೊನೆಗೆ ಕ್ಲಬ್ಬುಗಳ ನಡುವೆ ಕೊಡು ಕೊಳ್ಳುವುದಕ್ಕೆ ಗಡುವು. ದನದ ಸಂತೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ ಮಾಡುವ ವ್ಯಾಪಾರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಬದಲು ಫೋನಿನಲ್ಲಿ ಪಿಸುಗುಡುತ್ತಾರೆ, ಅಷ್ಟೇ. ಡೆಲ್‌ಗೆ ಮಾತ್ರ ಈ ಸಂತೆಯಲ್ಲಿ ಕವಡೆ ಬೆಲೆಯೂ ಇರಲಿಲ್ಲ. ಎಳೆಯ ಪಿಚರ್‌ಗಳಿಗೆ ಯಾವ ಎಸೆತ ಯಾವಾಗ ಎಸೆಯಬೇಕೆಂದು ಬೆರಳ ಸನ್ನೆಯಲ್ಲಿ ಹೇಳಿಕೊಟ್ಟು, ಅಂಚಿಗೆ ಬಂದ ಚೆಂಡನ್ನು ನವಿರಾಗಿ ಒಳಕ್ಕೆಳೆದು ಅಂಪೈರ್‌ನ ಕಣ್ಣಿಗೆ ಒಳ್ಳೆಯ ಎಸೆತವಾಗಿ ಕಾಣುವಂತೆ ಮಾಡುವವನು ಒಬ್ಬ ಬೇಕಲ್ಲ, ಅದಕ್ಕಾಗಿ ಅವನನ್ನು ಇಟ್ಟುಕೊಂಡಿದ್ದರು. ಬೇರೆಯವರ ಬೆಲೆ ಏರಿಸುವುದೇ ಅವನ ಕೆಲಸ.

ಒಂದು ಕಾಲದಲ್ಲಿ ಅವನಿಗೂ ಬೆಲೆ ಇತ್ತು.

ಒಂಬತ್ತು ವರ್ಷದ ಹಿಂದೆ ಡೆಲ್ ಪ್ರಾವಿಡೆನ್ಸ್ ಕ್ಲಬ್ಬಿನಲ್ಲಿದ್ದ. ದೊಡ್ಡ ತಂಡಕ್ಕೆ ಒಂದೇ ಮೆಟ್ಟಿಲು ಬಾಕಿ. ಇಪ್ಪತ್ತೈದರ ವಯಸ್ಸು, ಕೈಯಲ್ಲಿ ಬಲ, ಬ್ಯಾಟು ಹಿಡಿದರೆ ಚೆಂಡು ಗೋಡೆ ದಾಟುತ್ತಿತ್ತು. ಆ ವರ್ಷ ಜೂನ್‌ನಲ್ಲಿ ಬಲ ಮೊಣಕಾಲು ಕಟಕಟ ಅನ್ನತೊಡಗಿತು. ಸ್ಕ್ಯಾನ್ ಮಾಡಿಸಿದರು. ಸ್ವಲ್ಪ ಊತವಷ್ಟೇ, ಐಸ್ ಇಟ್ಟುಕೊಂಡು ಆಡು ಎಂದು ತಂಡದ ಫಿಸಿಯೊ ಹೇಳಿದ. ಆಡಿದ. ಐಸ್ ಇಟ್ಟುಕೊಂಡು, ಮಾತ್ರೆ ನುಂಗಿಕೊಂಡು ಏಳು ವಾರ ಆಡಿದ. ಜುಲೈ ಇಪ್ಪತ್ತೊಂಬತ್ತಕ್ಕೆ ಅವನನ್ನು ಪಶ್ಚಿಮದ ಇನ್ನೊಂದು ಕ್ಲಬ್ಬಿಗೆ ಕೊಟ್ಟು, ಅಲ್ಲಿಂದ ಹೆಸರಾಂತ ಪಿಚರ್ ಒಬ್ಬನನ್ನು ತಂದರು. ಹೊಸ ಕ್ಲಬ್ಬಿನಲ್ಲಿ ಮೂರನೆಯ ವಾರ, ಎದ್ದು ಎರಡನೆಯ ಬೇಸ್‌ಗೆ ಚೆಂಡೆಸೆಯಲು ಹೋದವನ ಮೊಣಕಾಲು ಹಸಿ ಕಡ್ಡಿ ಮುರಿದಂತೆ ತಿರುಚಿಕೊಂಡಿತು. ಎರಡು ಆಪರೇಷನ್, ಎರಡು ವರ್ಷ ಮನೆಯಲ್ಲಿ. ಕುಯ್ದ ಡಾಕ್ಟರು, ಇದು ಇವತ್ತಿನ ಗಾಯವಲ್ಲಪ್ಪ, ಹರಿದು ಎಷ್ಟೋ ದಿನವಾಗಿತ್ತು ಎಂದರು.

ಡೆಲ್ ಕುಂಟಿಕೊಂಡೇ ಆ ಹಳೆಯ ಊರಿನ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿ ತನ್ನ ಹೆಸರಿನ ಕಾಗದದ ನಕಲು ಕೇಳಿದ. ಕೌಂಟರಿನ ಹೆಂಗಸು ಎರಡು ಮಾತಾಡದೆ ತೆಗೆದುಕೊಟ್ಟಳು. ಜೂನ್ ಹನ್ನೊಂದನೆಯ ತಾರೀಖು. ಮೂಳೆಯ ನಡುವಿನ ಮೆತ್ತೆ ಅರ್ಧಕ್ಕರ್ಧ ಹರಿದಿದೆ, ಆಡಿಸಕೂಡದು ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ಅವತ್ತೇ ಯಾರಿಗೆ ಕಳಿಸಿದ್ದೆಂದೂ ಕೆಳಗೆ ನಮೂದಾಗಿತ್ತು. ಗ್ರಾಂಟ್ ವೀಲರ್, ಪ್ರಾವಿಡೆನ್ಸ್‌ನ ಕಿರಿಯ ತಂಡಗಳ ಉಸ್ತುವಾರಿ ಹೊತ್ತವನು. ವಿಷಯ ಹೊರಬಿದ್ದರೆ ಡೆಲ್‌ನನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಅದಕ್ಕೇ ವೀಲರ್ ಕಾಗದವನ್ನು ಒಳಗಿಟ್ಟು, ಮಾಲನ್ನು ಮಾರಿದ್ದ.

ದೂರು ಕೊಟ್ಟು ನೋಡಿದ. ಕ್ಲಬ್ಬಿನ ಕಡತದಲ್ಲಿ ಅಂಥ ಕಾಗದವೇ ಇಲ್ಲ ಎಂಬ ಉತ್ತರ ಬಂತು. ವಕೀಲ, ನಿನ್ನ ಕೈಯಲ್ಲಿರುವ ನಕಲನ್ನು ಸಾಬೀತು ಮಾಡಲು ಇನ್ನೂ ಮೂರು ವರ್ಷ ಓಡಾಡಬೇಕಾಗುತ್ತದೆ ಎಂದ. ಡೆಲ್ ಬಿಟ್ಟುಬಿಟ್ಟ. ಅಂದರೆ ದೂರನ್ನು ಬಿಟ್ಟ, ವೀಲರ್‌ನನ್ನು ಬಿಡಲಿಲ್ಲ. ಅವನ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ಓದುತ್ತಿದ್ದ. ವೀಲರ್ ಒಂದೊಂದೇ ಮೆಟ್ಟಿಲು ಏರಿ ಪ್ರಾವಿಡೆನ್ಸ್‌ನ ಎರಡನೆಯ ಯಜಮಾನನಾದ. ಸರಕಿನ ಬೆಲೆ ಅರಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಪತ್ರಿಕೆಯವರು ಬರೆದರು. ಡೆಲ್‌ನ ಹೆಂಡತಿ ಲೊರೀನ್ ಒಕ್ಲಹೋಮಾದ ಮನೆಯಲ್ಲಿ ಆ ಸ್ಕ್ಯಾನ್ ಕಾಗದವನ್ನು ಎರಡು ಸಲ ಕಸದ ಡಬ್ಬಿಗೆ ಹಾಕಿದಳು. ಎರಡು ಸಲವೂ ಅವನು ಎತ್ತಿಟ್ಟುಕೊಂಡ.

ಜೆಬ್ ಲ್ಯಾಂಗ್ಲಿ ವಾಲ್ಟನ್ ಫೆರಿಗೆ ಬಂದದ್ದು ಡೆಲ್‌ಗೆ ಮೂವತ್ನಾಲ್ಕಾದ ವರ್ಷದ ಏಪ್ರಿಲ್‌ನಲ್ಲಿ. ಜಾರ್ಜಿಯಾದ ಹುಡುಗ, ಇಪ್ಪತ್ತೆರಡು ವರ್ಷ, ಆರಡಿ ನಾಲ್ಕಂಗುಲ, ಎಡಚ. ಮಾತಿಗೆ ಮುಂಚೆ ನಗುತ್ತಿದ್ದ. ಕೋಳಿಫಾರಂ ಇಟ್ಟುಕೊಂಡ ಮನೆಯವನು. ಬೆಳಗ್ಗೆ ಐದಕ್ಕೇ ಎದ್ದು ಅಭ್ಯಾಸ. ಅವನ ಎಡಗೈಯಿಂದ ಚೆಂಡು ಗಂಟೆಗೆ ತೊಂಬತ್ತೇಳು ಮೈಲಿ ವೇಗದಲ್ಲಿ ಬರುತ್ತಿತ್ತು. ಅದಕ್ಕಿಂತ ದೊಡ್ಡ ಅಸ್ತ್ರ ಅವನ ಸ್ಲೈಡರ್. ನೇರ ಬಂದಂತೆ ಬಂದು ಕೊನೆಗಳಿಗೆಯಲ್ಲಿ ಬ್ಯಾಟರ್‌ನ ಪಾದದ ಕಡೆಗೆ ಜಾರಿಬಿಡುತ್ತಿತ್ತು. ಎಲ್ಲಿ ಎಸೆಯಬೇಕು, ಯಾವಾಗ ಎಸೆಯಬೇಕು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅದೆಲ್ಲ ತಾತನಿಗೆ ಬಿಟ್ಟಿದ್ದ. ಡೆಲ್ ಯಾವ ಬೆರಳು ತೋರಿಸಿದರೂ ತಲೆಯಾಡಿಸಿ ಎಸೆಯುತ್ತಿದ್ದ. ಬೇಡವೆಂದು ಒಂದು ಸಲವೂ ಅಂದವನಲ್ಲ. ಬಫಲೋದ ಭರವಸೆಯ ಹುಡುಗರ ಪಟ್ಟಿಯಲ್ಲಿ ವರ್ಷದ ಶುರುವಿಗೆ ಹನ್ನೊಂದನೆಯ ಜಾಗದಲ್ಲಿದ್ದವನು ಮೇ ಮುಗಿಯುವ ಹೊತ್ತಿಗೆ ನಾಲ್ಕಕ್ಕೆ ಏರಿದ್ದ.

ಜೂನ್ ಮೂರನೆಯ ವಾರ, ಮಿಸಿಸಿಪ್ಪಿಯಲ್ಲಿ ಒಂದು ಮಧ್ಯಾಹ್ನದ ಆಟ ಮುಗಿದ ಮೇಲೆ ಜೆಬ್ ಡೆಲ್‌ನ ಪಕ್ಕ ಬಂದು ಕೂತ. ಉಳಿದವರೆಲ್ಲ ಸ್ನಾನಕ್ಕೆ ಹೋಗಿದ್ದರು. ಡೆಲ್ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರುತ್ತಿದ್ದ.

"ತಾತ, ಒಂದ್ ಮಾತು. ಯಾರ್ಗೂ ಹೇಳ್ಬಾರ್ದು."

"ಯಾವ ಹುಡುಗೀನೋ?"

"ಹುಡುಗಿ ಅಲ್ಲ. ಮೊಣಕೈ. ಸ್ಲೈಡರ್ ಎಸೆದಾಗ ಒಳಗಡೆ ಚುರ್ ಅನ್ನತ್ತೆ. ಕಿರುಬೆರಳು ಜೋಮು ಹಿಡಿಯತ್ತೆ. ಹತ್ತು ನಿಮಿಷ ಬಿಟ್ಟು ಸರಿಹೋಗತ್ತೆ."

ಡೆಲ್ ಚಾಕು ಕೆಳಗಿಟ್ಟು ಹುಡುಗನ ಮೊಣಕೈಯನ್ನು ತನ್ನ ಸೊಟ್ಟ ಬೆರಳುಗಳಲ್ಲಿ ಒತ್ತಿ ನೋಡಿದ. ಒಳಬದಿಯ ಮೂಳೆಯ ಕೆಳಗೆ ಒತ್ತಿದಾಗ ಜೆಬ್ ಹಲ್ಲು ಕಚ್ಚಿದ. ಅದು ಏನೆಂದು ಡೆಲ್‌ಗೆ ಡಾಕ್ಟರ್ ಹೇಳಬೇಕಾಗಿರಲಿಲ್ಲ. ಹದಿನಾರು ವರ್ಷದಲ್ಲಿ ಇಂಥ ಮೊಣಕೈ ಎಂಟೋ ಒಂಬತ್ತೋ ನೋಡಿದ್ದ. ಮೂಳೆಗೆ ಮೂಳೆ ಕಟ್ಟಿರುವ ನಾರು ಸೀಳಲು ಶುರುವಾಗಿದೆ. ಈಗಲೇ ನಿಲ್ಲಿಸಿ ಮೂರು ತಿಂಗಳು ಬಿಟ್ಟರೆ ಕೂಡಿಕೊಳ್ಳಬಹುದು. ಎಸೆಯುತ್ತಾ ಹೋದರೆ ಒಂದು ದಿನ ಪಟ್ಟೆಂದು ಹರಿಯುತ್ತದೆ. ಆಮೇಲೆ ಆಪರೇಷನ್ನು, ಒಂದೂವರೆ ವರ್ಷ, ಹಳೇ ಕೈ ವಾಪಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಾಳೆ ಬೆಳಗ್ಗೆ ಮ್ಯಾನೇಜರ್ ಬರ್ರೀಯೋಸ್‌ಗೆ ಹೇಳೋಣ, ನಾನೂ ಜೊತೆಗೆ ಬರ್ತೀನಿ ಎಂದು ಡೆಲ್ ಹೇಳಿದ. ಅವನಿಗೆ ಹಾಗೆ ಮಾಡುವ ಮನಸ್ಸೇ ಇತ್ತು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಬರ್ರೀಯೋಸ್ ತಾನೇ ಡೆಲ್‌ನನ್ನು ಕರೆದು ಕೂರಿಸಿಕೊಂಡ. ಗುಟ್ಟು ಹೇಳುವ ಉತ್ಸಾಹ ಅವನಿಗೆ. ಮೇಲಿನವರು ಫೋನ್ ಮಾಡಿದ್ದರಂತೆ. ಪ್ರಾವಿಡೆನ್ಸ್‌ಗೆ ಒಬ್ಬ ಎಡಚ ಪಿಚರ್ ತುರ್ತಾಗಿ ಬೇಕಾಗಿದೆಯಂತೆ. ಜೆಬ್ ಮೇಲೆ ಕಣ್ಣು ಬಿದ್ದಿದೆ. ಅವನಿಗೆ ಬದಲು ಅವರ ಚಿನ್ನದಂಥ ಹುಡುಗ, ಬೇಸ್‌ಗಳ ನಡುವೆ ನಿಂತು ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಅಲೊನ್ಸೊ ರೇ, ಅವನನ್ನೇ ಕೊಡಿಸಿಕೊಳ್ಳಬಹುದು ಎಂದು ಬಫಲೋದವರ ಲೆಕ್ಕಾಚಾರ. ಜುಲೈನಲ್ಲಿ ವೀಲರ್ ಖುದ್ದಾಗಿ ನೋಡಲು ಬರುತ್ತಾನೆ. ಅಲ್ಲಿಯವರೆಗೆ ಹುಡುಗ ಮಿಂಚುತ್ತಿರಬೇಕು, ಅದು ನಿನ್ನ ಜವಾಬ್ದಾರಿ ಎಂದ ಬರ್ರೀಯೋಸ್. ಆಮೇಲೆ, ಅವನಿಗೇನೂ ತೊಂದರೆಯಿಲ್ಲ ತಾನೆ ಎಂದು ಕೇಳಿದ.

"ಯಾವ ತೊಂದರೇನೂ ಇಲ್ಲ," ಎಂದ ಡೆಲ್.

ಹೇಳಿದ ಮೇಲೇ ಅವನಿಗೆ ತಾನು ಹೇಳಿದ್ದು ಕೇಳಿಸಿದ್ದು. ಎದುರಿನ ತಟ್ಟೆಯಲ್ಲಿ ಮೊಟ್ಟೆ ಆರುತ್ತಿತ್ತು. ವೀಲರ್ ಎಂಬ ಹೆಸರು ಒಂಬತ್ತು ವರ್ಷ ಅವನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತ್ತು. ಅದೇ ಮನುಷ್ಯ ತಾನಾಗಿ ನಡೆದು ಬಂದು, ಒಳಗೆ ಹರಿದ ಸರಕಿಗೆ ಕೈ ಚಾಚುತ್ತಾನೆ ಎಂದರೆ ದೇವರೇ ಅವನ ಜುಟ್ಟು ಹಿಡಿದು ತಂದು ಎದುರಿಗೆ ನಿಲ್ಲಿಸಿದ ಹಾಗೆ ಡೆಲ್‌ಗೆ ಕಂಡಿತು. ಎದ್ದು ಹೋಗಿ ಜೆಬ್‌ನನ್ನು ಹುಡುಕಿದ. ಬಸ್ಸಿನ ನೆರಳಲ್ಲಿ ನಿಂತು ಕಾಯುತ್ತಿದ್ದ ಹುಡುಗ, ಹೋಗೋಣವೇ ಎಂಬಂತೆ ಹುಬ್ಬು ಹಾರಿಸಿದ.

"ಈಗ ಬೇಡ," ಎಂದ ಡೆಲ್. "ಈಗ ಹೇಳಿದ್ರೆ ಪಟ್ಟಿಯಿಂದ ಹೆಸರು ಹೊಡೆದುಹಾಕ್ತಾರೆ. ಒಂದ್ ತಿಂಗಳು ನಾನು ನೋಡ್ಕೋತೀನಿ. ನೋವಿಗೆ ನನ್ನ ಹತ್ರ ಮಾತ್ರೆ ಇದೆ. ನಾನು ಕೇಳಿದಾಗ ಮಾತ್ರ ಸ್ಲೈಡರ್ ಎಸಿ. ನನ್ನ ನಂಬ್ತೀಯ ತಾನೆ?"

"ನಿನ್ನ ನಂಬದೆ ಇನ್ಯಾರ್ನ ನಂಬ್ಲಿ ತಾತ?" ಎಂದು ಜೆಬ್ ನಕ್ಕ. ಅವನ ಮುಖದಲ್ಲಿ ಭಾರ ಇಳಿದ ಹಗುರ ಕಂಡಿತು.

ಆಮೇಲಿನ ಐದು ವಾರ ಡೆಲ್ ತನ್ನ ವಿದ್ಯೆಯನ್ನೆಲ್ಲ ಬಸಿದು ಸುರಿದ. ಸ್ಲೈಡರ್ ಬಿಟ್ಟು ನಿಧಾನದ ಎಸೆತಗಳನ್ನೇ ಕೇಳಿದ. ಅವು ಮೊಣಕೈಗೆ ಮೆತ್ತಗೆ. ಪ್ರತಿ ಊರಿನ ಬ್ಯಾಟರ್‌ಗಳ ದೌರ್ಬಲ್ಯ ಅವನಿಗೆ ಬಾಯಿಪಾಠವಾಗಿತ್ತು. ಮೊದಲೆರಡು ಎಸೆತಕ್ಕೇ ಆತುರಪಟ್ಟು ಬೀಸಿ ಔಟಾಗುವಂತೆ ಹೊಂಚು ಹಾಕಿದ. ಅಂಚಿನಿಂದ ಎರಡು ಬೆರಳು ಹೊರಗೆ ಬಂದ ಚೆಂಡುಗಳನ್ನು ಕಳ್ಳನಂತೆ ಒಳಗೆ ತಂದು ಹಿಡಿದ. ಆಟಕ್ಕೆ ನಾಲ್ಕೇ ನಾಲ್ಕು ಸ್ಲೈಡರ್, ಅದೂ ಹಿಂದಿನ ಸಾಲಿನಲ್ಲಿ ಬೇರೆ ಕ್ಲಬ್ಬಿನಿಂದ ಹುಡುಗರನ್ನು ಆರಿಸಲು ಬಂದ ಸ್ಕೌಟುಗಳು ವೇಗ ಅಳೆಯುವ ಯಂತ್ರ ಎತ್ತಿ ಹಿಡಿದಾಗ. ಆ ನಾಲ್ಕು ಎಸೆತಕ್ಕೂ ಬ್ಯಾಟರ್‌ಗಳು ಮಂಡಿಯೂರಿ ಗಾಳಿಗೆ ಬೀಸುತ್ತಿದ್ದರು. ತನ್ನ ಮೊಣಕಾಲಿನ ನೆಪ ಹೇಳಿ, ನನಗೆ ವಿಶ್ರಾಂತಿ ಬೇಕು, ಜೆಬ್‌ಗೆ ನಾನೇ ಕ್ಯಾಚರ್ ಆಗಬೇಕು ಎಂದು ಬರ್ರೀಯೋಸ್‌ನನ್ನು ಒಪ್ಪಿಸಿ ಹುಡುಗನ ಆಟಗಳ ನಡುವೆ ಒಂದೊಂದು ದಿನ ಹೆಚ್ಚು ಬಿಡುವು ದಕ್ಕಿಸಿದ. ದಿನವೂ ಬೆಳಗ್ಗೆ ಜೆಬ್‌ನ ಮೊಣಕೈ ಒತ್ತಿ ನೋಡುತ್ತಿದ್ದ. ತನ್ನ ಡಬ್ಬಿಯಿಂದ ಎರಡು ಮಾತ್ರೆ ಅವನ ಅಂಗೈಗೆ ಹಾಕುತ್ತಿದ್ದ. ಬಲಿ ಕೊಡುವ ಕುರಿಗೆ ಸೊಪ್ಪು ತಿನ್ನಿಸುವ ಕೈಗೂ ಪ್ರೀತಿ ಹುಟ್ಟುವುದುಂಟು, ಅವನಿಗೂ ಹುಟ್ಟಿತು. ಆದರೆ ಕೈ ನಿಲ್ಲಲಿಲ್ಲ.

ಜುಲೈ ಎರಡನೆಯ ವಾರ ಹೊಸ ಪಟ್ಟಿ ಬಂತು. ಜೆಬ್ ಲ್ಯಾಂಗ್ಲಿ, ಬಫಲೋದ ಹುಡುಗರಲ್ಲಿ ಮೊದಲನೆಯವನು. ತಂಡದ ಹುಡುಗರು ಅವನ ತಲೆಗೆ ಶೇವಿಂಗ್ ಕ್ರೀಮ್ ಮೆತ್ತಿ ಕುಣಿಸಿದರು. ಅವತ್ತು ಜೆಬ್ ತನ್ನ ತಾಯಿಗೆ ಫೋನ್ ಮಾಡಿ, ತಾತನ ಹತ್ತಿರ ಮಾತಾಡು ಎಂದು ಫೋನನ್ನು ಡೆಲ್‌ನ ಕಿವಿಗಿಟ್ಟ. ಆಕೆ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಮಗನನ್ನು ನಿಮ್ಮ ಮಡಿಲಿಗೆ ಹಾಕಿದೀನಿ ಎಂದಳು. ಡೆಲ್ ಹೂಂ ಎಂದಷ್ಟೇ ಹೇಳಿ ಫೋನ್ ವಾಪಸು ಕೊಟ್ಟ. ಆ ಸಂಜೆ ಲೊರೀನ್‌ಗೆ ಎಲ್ಲವನ್ನೂ ಹೇಳಿದ. ಅವಳು, ನಿನಗೆ ವೀಲರ್ ಬೇಕಾದ್ರೆ ವೀಲರ್‌ನ ಹಿಡಿ, ಮಧ್ಯೆ ಆ ಮಗು ಯಾಕೆ ಎಂದು ಕೇಳಿದಳು. ವೀಲರ್ ಹತ್ತಿರ ಹೋಗೋಕೆ ಬೇರೆ ದಾರಿ ಇಲ್ಲ ಎಂದು ಅವನು ಉತ್ತರ ಕೊಟ್ಟ. ಆಮೇಲೆ ಒಂದು ವಾರ ಅವಳು ತಾನಾಗಿ ಫೋನ್ ಮಾಡಲಿಲ್ಲ.

ಜುಲೈ ಇಪ್ಪತ್ನಾಲ್ಕಕ್ಕೆ ವೀಲರ್ ಬಂದ. ಆಟಕ್ಕೆ ಮೂರು ಗಂಟೆ ಮುಂಚೆ, ಹುಡುಗರು ಬ್ಯಾಟಿಂಗ್ ಅಭ್ಯಾಸ ಮಾಡುತ್ತಿದ್ದಾಗ, ತಿಳಿನೀಲಿ ಅಂಗಿ ತೊಟ್ಟು ಬೇಲಿಯ ಬಳಿ ನಿಂತಿದ್ದ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಡೆಲ್ ಎದೆಗವಚ ಕಟ್ಟಿಕೊಳ್ಳುತ್ತಾ ತಾನೇ ಅವನ ಸಮೀಪಕ್ಕೆ ಹೋದ. ಮುಖ ಕಂಡ ಕೂಡಲೇ ಏನಾಗುತ್ತದೋ ಎಂದು ಅವನಿಗೆ ಭಯವಿತ್ತು. ಏನೂ ಆಗಲಿಲ್ಲ.

ವೀಲರ್ ಅವನ ಎದೆಗವಚದ ಮೇಲಿನ ಹೆಸರು ಓದಿ ಗುರುತು ಹಿಡಿದವನಂತೆ ನಕ್ಕ.

"ಹಾರ್ಗ್ರೋವ್. ನೀನು ನಮ್ಮಲ್ಲಿದ್ದೆ ಅಲ್ವಾ? ಇನ್ನೂ ಆಡ್ತಿದ್ದೀಯಲ್ಲ ಮಾರಾಯ, ಗಟ್ಟಿ ಪಿಂಡ ನೀನು."

"ಹೊಟ್ಟೆಪಾಡು, ಮಿಸ್ಟರ್ ವೀಲರ್. ಬೇರೆ ಕೆಲಸ ಬರಲ್ಲ."

"ಈ ಲ್ಯಾಂಗ್ಲಿ ಎಸೆಯೋ ಚೆಂಡು ದಿನಾ ಹಿಡೀತೀಯ. ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಿಮ್ಮವರ ಕಾಗದದಲ್ಲಿ ಎಲ್ಲ ಸರಿ ಇದೆ ಅಂತಾರೆ. ನನಗೆ ಕಾಗದ ಬೇಡ. ನೀನು ಹೇಳು. ಕೈ ಹೇಗಿದೆ?"

ಕಾಗದ ಬೇಡ ಎಂಬ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಡೆಲ್‌ನ ನಾಲಿಗೆ ಅರೆಗಳಿಗೆ ತಡವರಿಸುತ್ತಿತ್ತೇನೋ. ಈ ಬಾಯಿಂದ ಬಂದಾಗ ಉತ್ತರ ಬೆಣ್ಣೆಯ ಹಾಗೆ ಜಾರಿ ಬಂತು.

"ಏಪ್ರಿಲ್‌ನಿಂದ ಹಿಡೀತಿದೀನಿ. ಒಂದಿನ ಕೈ ನೋವು ಅಂದಿಲ್ಲ. ಕೋಳಿಫಾರಂ ಹುಡುಗ, ಕಬ್ಬಿಣ ಅವನು. ನನ್ನ ಕೇಳಿದ್ರೆ, ನೀವು ತಗೊಳ್ದಿದ್ರೆ ಬೇರೆಯವರು ನಾಳೇನೇ ಎತ್ಕೊಂಡು ಹೋಗ್ತಾರೆ."

ವೀಲರ್ ಅವನ ಭುಜ ತಟ್ಟಿದ.

ಆವತ್ತಿನ ಆಟವನ್ನು ವಾಲ್ಟನ್ ಫೆರಿಯ ಜನ ಬಹಳ ದಿನ ಮಾತಾಡಿಕೊಂಡರು. ಡೆಲ್ ಆವತ್ತು ಸ್ಲೈಡರ್‌ನ ಲಗಾಮು ಬಿಚ್ಚಿದ. ನಾಲ್ಕಲ್ಲ, ಹತ್ತೊಂಬತ್ತು. ವೀಲರ್ ಕೂತಿದ್ದುದು ಅವನ ಬೆನ್ನ ಹಿಂದಿನ ಬಲೆಯಾಚೆ ಮೂರನೆಯ ಸಾಲಿನಲ್ಲಿ. ಪ್ರತಿ ಸಲ ಸ್ಲೈಡರ್‌ಗೆಂದು ಎರಡು ಬೆರಳು ಕೆಳಗೆ ತೋರಿಸುವಾಗ ಡೆಲ್‌ಗೆ ಬೆನ್ನಿನ ಮೇಲೆ ಆ ಕಣ್ಣು ತಾಕುತ್ತಿತ್ತು. ಏಳು ಇನಿಂಗ್ಸ್, ಎರಡೇ ಹೊಡೆತ, ಹನ್ನೆರಡು ಜನ ಚೆಂಡಿಗೆ ಬ್ಯಾಟು ತಾಗಿಸಲಾಗದೆ ಸ್ಟ್ರೈಕ್‌ಔಟ್. ಐದನೆಯ ಇನಿಂಗ್ಸ್ ಮುಗಿದು ಬಂದಾಗ ಜೆಬ್ ಟವೆಲ್ಲಿನ ಒಳಗೆ ಕಿರುಬೆರಳನ್ನು ತಿಕ್ಕಿಕೊಳ್ಳುತ್ತಾ, ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ತಾತ ಎಂದ. ಇನ್ನು ಎರಡೇ ಇನಿಂಗ್ಸ್ ಕಣೋ ಎಂದ ಡೆಲ್. ಜೆಬ್ ತಲೆಯಾಡಿಸಿದ, ಮತ್ತೆ ಹೋಗಿ ಎಸೆದ. ಕೊನೆಯ ಬ್ಯಾಟರ್ ಬೀಸಿ ತಪ್ಪಿದಾಗ ಡೆಲ್ ಚೆಂಡನ್ನು ಕೈಗವಸಿನಲ್ಲಿಟ್ಟುಕೊಂಡೇ ಹಿಂದಿರುಗಿ ನೋಡಿದ. ಮೂರನೆಯ ಸಾಲಿನಲ್ಲಿ ವೀಲರ್ ಆಗಲೇ ಫೋನ್ ಕಿವಿಗಿಟ್ಟುಕೊಂಡು ಎದ್ದಿದ್ದ.

ಮೂರು ದಿನ ಬಿಟ್ಟು ವ್ಯಾಪಾರ ಕುದುರಿತು. ಪ್ರಾವಿಡೆನ್ಸ್ ಅಲೊನ್ಸೊ ರೇಯನ್ನು ಕೊಟ್ಟಿತು, ಜೊತೆಗೆ ಇನ್ನಿಬ್ಬರನ್ನು ಕೊಟ್ಟಿತು. ಬದಲಿಗೆ ಜೆಬ್ ಒಬ್ಬನೇ. ಅಷ್ಟೇ ಅಲ್ಲ, ಜೆಬ್ ನಡುವಿನ ಮೆಟ್ಟಿಲು ದಾಟಿ ನೇರ ದೊಡ್ಡ ತಂಡಕ್ಕೇ ಹೋಗುವವನಿದ್ದ. ಡೆಲ್ ಹದಿನಾರು ವರ್ಷ ಕೂತರೂ ಕಾಣದ ಜಾಗ ಅದು. ಹುಡುಗ ಚೀಲ ತುಂಬಿಕೊಂಡು ಬಂದು ಡೆಲ್‌ನನ್ನು ತಬ್ಬಿದ. ಅಲ್ಲಿ ನನಗೆ ಬೆರಳು ತೋರಿಸೋರು ಯಾರು ತಾತ ಎಂದು ಅವನ ಹೆಗಲಿಗೆ ಮುಖವಿಟ್ಟ. ಒಂದು ಮಾತು ಹೇಳಿಬಿಡಬೇಕೆಂದು ಡೆಲ್‌ಗೆ ಅನ್ನಿಸಿತು. ಅಲ್ಲಿಯ ಡಾಕ್ಟರ್‌ಗೆ ತೋರಿಸು, ಮೊದಲ ದಿನವೇ ತೋರಿಸು ಎಂದಿದ್ದರೆ ಆಗುತ್ತಿತ್ತು. ಆದರೆ ತೋರಿಸಿದರೆ ಎರಡು ದಿನದಲ್ಲಿ ವ್ಯಾಪಾರ ಮುರಿಯುತ್ತದೆ, ವೀಲರ್ ಬಚಾವಾಗುತ್ತಾನೆ. ಡೆಲ್ ಮಾತ್ರೆಯ ಡಬ್ಬಿಯನ್ನು ಹುಡುಗನ ಕೈಗೆ ಕೊಟ್ಟು ಕಳಿಸಿದ.

ಜೆಬ್ ಪ್ರಾವಿಡೆನ್ಸ್‌ಗೆ ಮೊದಲ ಆಟ ಗೆದ್ದುಕೊಟ್ಟ. ಎರಡನೆಯದನ್ನೂ ಗೆದ್ದ. ಅಲ್ಲಿಯ ಕ್ಯಾಚರ್‌ಗೆ ಮೊಣಕೈಯ ವಿಷಯ ಗೊತ್ತಿರಲಿಲ್ಲ. ಜನ ಕೂಗಿದಷ್ಟೂ ಅವನು ಸ್ಲೈಡರ್ ಕೇಳಿದ. ಮೂರನೆಯ ಆಟ ಆಗಸ್ಟ್ ಹನ್ನೆರಡಕ್ಕೆ. ವಾಲ್ಟನ್ ಫೆರಿಯ ಹುಡುಗರು ಬಟ್ಟೆ ಬದಲಿಸುವ ಕೋಣೆಯ ಟಿವಿ ಮುಂದೆ ಸೇರಿದ್ದರು. ನಾಲ್ಕನೆಯ ಇನಿಂಗ್ಸ್‌ನಲ್ಲಿ ಜೆಬ್ ಒಂದು ಚೆಂಡೆಸೆದ. ಅದು ಬ್ಯಾಟರ್‌ನ ತಲೆಯ ಮೇಲಿಂದ ಹಾದು ಹಿಂದಿನ ಬಲೆಗೆ ಬಡಿಯಿತು. ಜೆಬ್ ಎಡಗೈಯನ್ನು ಮಗುವನ್ನೆತ್ತಿಕೊಂಡಂತೆ ಬಲಗೈಯಲ್ಲಿ ಹಿಡಿದುಕೊಂಡು, ಯಾರ ಕಡೆಗೂ ನೋಡದೆ ಮೈದಾನದಿಂದ ಹೊರಗೆ ನಡೆದ. ಕೋಣೆಯಲ್ಲಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತರು. ಡೆಲ್ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡರೆ ಅವನ ತುಟಿಯಲ್ಲಿ ನಗು ಇತ್ತು. ಕಣ್ಣಿನಲ್ಲಿ ನೀರೂ ಇತ್ತು. ಯಾವುದನ್ನು ಮೊದಲು ಒರೆಸಬೇಕೋ ಅವನಿಗೆ ತಿಳಿಯಲಿಲ್ಲ.

ಪ್ರಾವಿಡೆನ್ಸ್ ಸೋಲುತ್ತಾ ಸೋಲುತ್ತಾ ಕೆಳಗಿಳಿಯಿತು. ಅಲೊನ್ಸೊ ರೇ ಬಫಲೋಗೆ ಬಂದವನೇ ಹೊಡೆದದ್ದೇ ಹೊಡೆದದ್ದು. ಒಡೆದ ಮಡಕೆಗೆ ಬಂಗಾರ ತೂಗಿ ಕೊಟ್ಟ ಜಾಣ ಎಂದು ವೀಲರ್‌ನನ್ನು ಅದೇ ಪತ್ರಿಕೆಯವರು ಬೀದಿಗೆಳೆದರು. ಬಫಲೋ ಮುಚ್ಚಿಟ್ಟಿತು ಎಂದು ವೀಲರ್ ಲೀಗಿನ ಅಧಿಕಾರಿಗಳಿಗೆ ದೂರು ಕೊಟ್ಟ. ಬಫಲೋದ ಕಡತದಲ್ಲಿ ಮೊಣಕೈಯ ಬಗ್ಗೆ ಒಂದಕ್ಷರವೂ ಇರಲಿಲ್ಲ, ಯಾಕೆಂದರೆ ಬಫಲೋಗೆ ಗೊತ್ತೇ ಇರಲಿಲ್ಲ. ಅಕ್ಟೋಬರ್ ಮೊದಲ ವಾರ ವೀಲರ್‌ನನ್ನು ಕೆಲಸದಿಂದ ತೆಗೆದರು. ಡೆಲ್ ಆ ಸುದ್ದಿಯನ್ನು ಒಕ್ಲಹೋಮಾದ ಮನೆಯಲ್ಲಿ ಓದಿದ. ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ಸ್ಕ್ಯಾನ್ ಕಾಗದವನ್ನು ಹಿತ್ತಲಲ್ಲಿ ಒಣಗಿದೆಲೆಗಳ ಜೊತೆ ಸುಟ್ಟ. ಆ ಸಂಜೆ ಮಾಂಸ ಸುಟ್ಟುಕೊಂಡು ಹೊಟ್ಟೆತುಂಬ ತಿಂದ. ಹಾಯಾಗಿತ್ತು. ಆ ಹಾಯಿ ಸುಳ್ಳೆಂದು ಅವನು ಆಮೇಲೂ ಹೇಳಲಿಲ್ಲ.

ಹತ್ತು ದಿನ ಬಿಟ್ಟು ವೀಲರ್ ಫೋನ್ ಮಾಡಿದ. ಬೆಳಗಿನ ಹೊತ್ತು, ಡೆಲ್ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ. ವೀಲರ್‌ನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಜೆಬ್‌ನ ಕೈ ಕುಯ್ದ ಡಾಕ್ಟರು ಇದು ಹಳೆಯ ಹರುಕು ಎಂದರಂತೆ. ಹುಡುಗನ ಚೀಲದಲ್ಲಿ ನಿನ್ನ ಹೆಸರು ಬರೆದ ಮಾತ್ರೆ ಡಬ್ಬಿ ಸಿಕ್ಕಿತು ಎಂದ. ನಿನಗೆ ಗೊತ್ತಿತ್ತು, ಅಲ್ಲವೇ ಎಂದು ಕೇಳಿದ.

ಈ ಮಾತಿಗಾಗಿ ಡೆಲ್ ಒಂಬತ್ತು ವರ್ಷ ಕಾದಿದ್ದ.

"ಗೊತ್ತಿತ್ತು," ಎಂದ. "ಜೂನ್ ಹನ್ನೊಂದು ನೆನಪಿದೆಯಾ ನಿಮಗೆ? ನನ್ನ ಬಲ ಮೊಣಕಾಲಿನ ಸ್ಕ್ಯಾನು. ಆಡಿಸ್ಬಾರದು ಅಂತ ಬರೆದಿತ್ತು. ನಿಮ್ಮ ಟೇಬಲ್ ಮೇಲೇ ಬಂದಿತ್ತು. ಏಳು ವಾರ ಆಡಿಸಿದ್ರಿ, ಆಮೇಲೆ ಮಾರಿದ್ರಿ."

ವೀಲರ್ ನೆನಪಿನಲ್ಲಿ ಹುಡುಕುತ್ತಿದ್ದಾನೆ ಎಂದು ಡೆಲ್‌ಗೆ ಅರ್ಥವಾಯಿತು. ಹುಡುಕಿದರೂ ಸಿಗುತ್ತಿಲ್ಲ.

"ನಿನ್ನ ಮೊಣಕಾಲಾ?" ಎಂದ ವೀಲರ್ ಕೊನೆಗೆ. "ನನಗೆ ನೆನಪಿಲ್ಲಪ್ಪ. ಇದ್ದಿರಬಹುದು. ಆಗ ವರ್ಷಕ್ಕೆ ಅಂಥವು ಹತ್ತು ಕಾಗದ ಬರ್ತಿದ್ವು."

ಡೆಲ್ ಕಸಬರಿಕೆಯನ್ನು ಗೋಡೆಗೆ ಒರಗಿಸಿದ.

"ಆದ್ರೆ ಒಂದ್ ಮಾತು ಹಾರ್ಗ್ರೋವ್," ವೀಲರ್ ಮುಂದುವರಿಸಿದ. "ನಾನು ಮಾಡಿದ್ದು ಕಾಗದದ ಮೇಲಿನ ಹೆಸರಿಗೆ. ನಿನ್ನ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ನೀನು ದಿನಾ ಬೆಳಗ್ಗೆ ಆ ಹುಡುಗನ ಕೈ ಹಿಡಿದು ನೋಡಿದೀಯ. ನನ್ನನ್ನೂ ಮೀರಿಸಿಬಿಟ್ಟೆ."

ಅಷ್ಟು ಹೇಳಿ ಫೋನ್ ಇಟ್ಟ. ಗೆದ್ದವನು ತಾನು, ಕೆಲಸ ಕಳೆದುಕೊಂಡವನು ಅವನು. ಆದರೂ ಡೆಲ್ ಆವತ್ತು ಅಂಗಳದ ಎಲೆಗಳನ್ನು ಎರಡೆರಡು ಸಲ ಗುಡಿಸಿದ. ತನಗೆ ಮಾಡಿದ್ದು ಆ ಮನುಷ್ಯನಿಗೆ ನೆನಪೇ ಇಲ್ಲ ಎಂಬುದು ಮೊಣಕಾಲಿಗಿಂತ ಹೆಚ್ಚು ಉರಿಯಿತು. ಇನ್ನು ನೆನಪಿರುತ್ತದೆ, ಸಾಯುವವರೆಗೂ ನೆನಪಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅದೂ ನಿಜವೇ ಆಗಿತ್ತು.

ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮನೆ ಮುಂದೆ ಜಾರ್ಜಿಯಾದ ನಂಬರಿನ ಹಳೇ ಟ್ರಕ್ಕು ಬಂದು ನಿಂತಿತು. ಜೆಬ್ ಇಳಿದ. ಎಡಗೈಗೆ ಹೆಗಲಿನಿಂದ ಮಣಿಕಟ್ಟಿನವರೆಗೆ ಕೀಲಿರುವ ಆಸರೆಪಟ್ಟಿ. ಒಂದೇ ಕೈಯಲ್ಲಿ ಅಷ್ಟು ದೂರ ಓಡಿಸಿಕೊಂಡು ಬಂದಿದ್ದ. ನಗು ಇರಲಿಲ್ಲ. ತೂಕ ಇಳಿದಿದ್ದ. ಒಳಗೆ ಬಾ ಎಂದು ಲೊರೀನ್ ಎರಡು ಸಲ ಕರೆದರೂ ಮೆಟ್ಟಿಲ ಕೆಳಗೇ ನಿಂತ. ಡಾಕ್ಟರು ಎರಡು ವರ್ಷ ಅಂದಿದ್ದಾರೆ. ಕೈ ಕೂಡಿಕೊಂಡರೂ ಸ್ಲೈಡರ್ ಮರೆತುಬಿಡು ಅಂದಿದ್ದಾರೆ ಎಂದು ಹೇಳಿದ. ಆಮೇಲೆ, ನೀನು ಬೇಕೆಂದೇ ಮಾಡಿದೆ ಎಂದು ವೀಲರ್ ನನಗೆ ಫೋನ್ ಮಾಡಿ ಹೇಳಿದ್ದು ನಿಜವೇ ಎಂದು ಕೇಳಿದ.

ಡೆಲ್ ಸುಳ್ಳು ಹೇಳಬಹುದಿತ್ತು. ಹುಡುಗ ನಂಬಲು ತಯಾರಾಗಿಯೇ ಬಂದಿದ್ದ, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಡೆಲ್ ಮೆಟ್ಟಿಲ ಮೇಲೆ ಕೂತು ಮೊಣಕಾಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ತಿಂಡಿಯ ಟೇಬಲ್ಲು, ಬರ್ರೀಯೋಸ್, ಹತ್ತೊಂಬತ್ತು ಸ್ಲೈಡರು, ಒಂದನ್ನೂ ಬಿಡಲಿಲ್ಲ. ಮಧ್ಯೆ ಎಲ್ಲೂ ಕ್ಷಮೆ ಕೇಳಲಿಲ್ಲ. ಕೇಳಿದರೆ ಅದು ಇನ್ನೊಂದು ಮೋಸ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ಲೊರೀನ್ ಒಳಗೆ ಹೋದಳು.

ಜೆಬ್‌ನ ಬಲಗೈ ಮುಷ್ಟಿ ಕಟ್ಟಿತ್ತು. ಹೊಡೆಯಲಿ ಎಂದು ಡೆಲ್ ಒಳಗೊಳಗೇ ಬೇಡಿಕೊಂಡ. ಹುಡುಗ ಹೊಡೆಯಲಿಲ್ಲ.

"ನಂಗೆ ಹೇಳ್ಬೋದಿತ್ತಲ್ಲ," ಎಂದ. "ವೀಲರ್ ನಂಗೆ ಹೀಗ್ ಮಾಡಿದ, ಸಹಾಯ ಮಾಡು ಅಂತ ನೀನು ಕೇಳಿದ್ರೆ ನಾನೇ ಹೂಂ ಅಂತಿದ್ದೆ. ಕೈ ಹೋದ್ರೂ ಹೂಂ ಅಂತಿದ್ದೆ, ಹಾರ್ಗ್ರೋವ್."

ತಾತ ಎನ್ನಲಿಲ್ಲ. ತಿರುಗಿ ಟ್ರಕ್ಕು ಹತ್ತಿ, ಬಲಗೈಯನ್ನು ಅಡ್ಡ ಚಾಚಿ ಬಾಗಿಲು ಎಳೆದುಕೊಂಡು ಹೊರಟುಹೋದ.

ಮುಂದಿನ ವಸಂತಕ್ಕೆ ಬಫಲೋದವರು ಡೆಲ್‌ನನ್ನು ಕ್ಯಾಚರ್‌ಗಳ ಕೋಚ್ ಆಗಲು ಕರೆದರು. ಜೆಬ್‌ನಂಥ ಹುಡುಗನ ಬೆಲೆ ಅಷ್ಟು ಏರಿಸಿದವನು ಬೇರೆ ಯಾರಿದ್ದಾನೆ ಎಂದು ಹೊಗಳಿದರು. ಅವನು ಒಲ್ಲೆ ಎಂದ. ಈಗ ಊರಿನ ಹತ್ತಿರ ಲೊರೀನ್‌ಳ ಅಣ್ಣನ ಬೇಲಿ ಕಟ್ಟುವ ಕೆಲಸದಲ್ಲಿದ್ದಾನೆ. ಗೂಟ ಹುಗಿಯುವಾಗ ಮಂಡಿಯೂರಲು ಆಗುವುದಿಲ್ಲ, ಪೂರ್ತಿ ಕೂತೇ ಬಿಡುತ್ತಾನೆ. ವೀಲರ್‌ನ ಮಾತು ಬಂದರೆ ಇವತ್ತಿಗೂ ದವಡೆ ಬಿಗಿಯುತ್ತದೆ. ಆ ಮನುಷ್ಯನಿಗೆ ಮಾಡಿದ್ದನ್ನು ಮತ್ತೆ ಮಾಡು ಎಂದರೆ ನಾಳೆಯೇ ಮಾಡುತ್ತೇನೆ ಎನ್ನುತ್ತಾನೆ. ಜೆಬ್‌ಗೆ ಎರಡು ಸಲ ಕಾಗದ ಬರೆದ. ಎರಡೂ ಒಡೆಯದೆ ವಾಪಸು ಬಂದವು. ಮೂರನೆಯದನ್ನು ಬರೆಯುತ್ತಿದ್ದಾನೆ.